ಅವ್ವನ ಎಳ್ಳುಂಡಿ, ನರ್ಸಮ್ಮನ ಸೂಜಿ

ಪೋತ್ನಾಳ
೨೪-೮-೨೦೨೫

ಪ್ರೀತಿಯ ತಂಗಿ ದೇವಿಕಾಗೆ,

ನಿನ್ನ ಅಕ್ಕನ ಆಶೀರ್ವಾದ. ನಾವೆಲ್ಲ ಇಲ್ಲಿ ಆರಾಮ. ರಾಯಚೂರಿನಲ್ಲಿ ನೀವೂ ಆರಾಮ ಇದ್ದೀರೆಂದು ತಿಳಿದಿದ್ದೇನೆ. ಪಂಚಮಿ ಮುಗಿಸಿ ಅರಕೇರಾದ ತವರಿನಿಂದ ಬಂದ ಮರುದಿನವೇ ಬರೆಯಬೇಕಿತ್ತು. ನಾಟಿ ಕೆಲಸ ಹಿಡಿದುಕೊಂಡಿತು, ತಡವಾಯಿತು, ಸಿಟ್ಟಾಗಬೇಡ. ಫೋನ್ ಇಲ್ಲವೇ ಎನ್ನಬೇಡ. ಸೂಜಿಯ ಮಾತು ತೆಗೆದರೆ ಸಾಕು, ನೀನು ಫೋನ್ ಇಟ್ಟುಬಿಡುತ್ತೀ. ಕಾಗದವನ್ನು ಹಾಗೆ ಕಟ್ ಮಾಡು ನೋಡೋಣ!

ಈ ಸಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದು ಕಂಡು, ನಾವಿಬ್ಬರೂ ಲಂಗ ಮೇಲೆ ಕಟ್ಟಿ ಜೀಕುತ್ತಿದ್ದುದೇ ಕಣ್ಮುಂದೆ ಬಂತು. ಅವ್ವ ಒರಳಲ್ಲಿ ಎಳ್ಳು, ಬೆಲ್ಲ ಕುಟ್ಟುವಾಗ ನೀನು ಒನಕೆಗೆ ಅಂಟಿದ್ದನ್ನು ನೆಕ್ಕಲು ಹೋಗುತ್ತಿದ್ದೆ. "ಲೇ ಹುಡುಗಿ, ಮೂಗು ಜಜ್ಜೀತು!" ಎಂದು ಬೈಸಿಕೊಂಡು ಅಳುತ್ತಿದ್ದೆ. ಅಳುವ ಮಕ್ಕಳಿಗೆ ನಮ್ಮ ಮನೆಯಲ್ಲಿ ಒಂದೇ ಮದ್ದು, ಎಳ್ಳುಂಡಿ. ಬಿದ್ದರೂ ಉಂಡಿ, ಬೈಸಿಕೊಂಡರೂ ಉಂಡಿ. ಎಂಥ ಚಂದದ ದಿನಗಳವು! ನೆನೆದರೆ ಇವತ್ತಿಗೂ ಬಾಯಲ್ಲಿ ಬೆಲ್ಲ ಕರಗಿದ ಹಾಗಾಗುತ್ತದೆ.

ಈ ಪಂಚಮಿಗೆ ಅದೇ ಉಂಡಿ ತಿಂದು ನಿನ್ನ ಮಗ ರೇವಣಸಿದ್ದನ ಮುಖ ಉಬ್ಬಿತಲ್ಲ, ಉಸಿರು ಸಿಕ್ಕಿಕೊಂಡಿತಲ್ಲ! ದೇವದುರ್ಗದ ಡಾಕ್ಟರು, "ಹುಡುಗನ ಮೈಗೆ ಎಳ್ಳು ಆಗಿಬರಂಗಿಲ್ಲ. ಹಿಂದ ಯಾವಾಗರ ಹಿಂಗಾಗಿತ್ತೇನು?" ಎಂದಾಗ ನೀನು ಎರಡು ವರ್ಷದ ಹಿಂದಿನ ಶ್ರಾವಣದಲ್ಲಿ ಸೂಜಿ ಹಾಕಿಸಿದ ದಿನವೂ ಹೀಗೇ ಮುಖ ಉಬ್ಬಿದ್ದನ್ನು ನೆನೆಸಿದೆ. ಅವ್ವ ಆಗ ಬಾಯಿಬಿಟ್ಟಳು: "ಅವತ್ತೂ ಸೂಜಿ ಚುಚ್ಚಿಸ್ಕೊಂಡು ಅಳಾಕತ್ತಿದ್ದ. ಬಾಯಾಗ ಉಂಡಿ ಚೂರು ಇಟ್ಟಿದ್ದೆನ್ರೀ ಯಪ್ಪಾ!"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು ನಮ್ಮ ಕಥೆ. ಇಷ್ಟು ದಿನ ಸೂಜಿಯನ್ನೇ ಶಪಿಸಿದೆವು. ಡಾಕ್ಟರು ಹೇಳಿದ್ದು ನೀನೂ ಕೇಳಿದ್ದೀ: "ಇವನ ತಂಗಿ ಕೂಸಿಗೆ ಸೂಜಿ ತಪ್ಪಿಸಬ್ಯಾಡ್ರಿ. ಅಣ್ಣನ ಎಳ್ಳಿನ ಸಂಗತಿ ನರ್ಸಮ್ಮಗ ಹೇಳ್ರಿ, ಹಾಕಿಸಿದ ಮ್ಯಾಲ ಅರ್ಧ ತಾಸು ಅಲ್ಲೇ ಕುಂದರ್ರಿ." ಆದರೂ ನೀನು, "ಅಕ್ಕಾ, ಧೈರ್ಯ ಸಾಲವಲ್ದು" ಎನ್ನುತ್ತೀ. ಕೂಸಿಗೆ ಒಂಬತ್ತು ತಿಂಗಳು ತುಂಬಿತು, ದಡಾರದ ಸೂಜಿ ಇನ್ನೂ ಹಾಕಿಸಿಲ್ಲ. ನಿನ್ನ ಮೇಲೆ ಸಿಟ್ಟೂ ಬರುತ್ತದೆ, ಅಯ್ಯೋ ಪಾಪ ಅಂತಲೂ ಅನ್ನಿಸುತ್ತದೆ ಹುಚ್ಚಿ.

ಅವ್ವನಿಗೂ ಒಂದು ಫೋನ್ ಮಾಡು. "ನನ್ನ ಕೈಯಿಂದ ಮೊಮ್ಮಗಗ ಹಿಂಗಾತಲ್ಲ" ಎಂದು ಒರಳಿನ ಮೇಲೆ ಗೋಣಿಚೀಲ ಹೊದಿಸಿ ಕೂತಿದ್ದಾಳಂತೆ.

ಗುರುವಾರ ಮುಂಜಾನೆ ಬಸ್ಸಿಗೆ ನಾನೇ ಬರುತ್ತೇನೆ. ಕೂಸನ್ನು ನಾನು ಹಿಡಿದುಕೊಳ್ಳುತ್ತೇನೆ, ನೀನು ಬೇಕಾದರೆ ಅತ್ತ ಮುಖ ಮಾಡು. ಅತ್ತರೆ ಎದೆಗೆ ಹಾಕಿಕೋ, ಅಷ್ಟೇ ಸಾಕು. ಮಕ್ಕಳಿಬ್ಬರೂ ನೂರು ವರ್ಷ ಬಾಳಲಿ, ನಿನ್ನ ಮಡಿಲು ತಣ್ಣಗಿರಲಿ.

ನಿನ್ನ ಅಕ್ಕ,
ಅನ್ನಪೂರ್ಣ

ತಾ.ಕ.: ಎರಡು ವರ್ಷದ ಹಿಂದೆ ರೇವಣಸಿದ್ದನಿಗೆ ಹಾಗಾದಾಗ ಹೆದರಿ ನಾನೂ ನನ್ನ ಜಂಬಮ್ಮನಿಗೆ ಆ ಸೂಜಿ ಹಾಕಿಸಿರಲಿಲ್ಲ. ಹೋದ ಬೇಸಿಗೆಯಲ್ಲಿ ಅವಳಿಗೆ ದಡಾರ ಎದ್ದಿದ್ದು ನಿನಗೆ ಗೊತ್ತು. ಆಮೇಲೆ ಕಿವಿ ಸೋರಿದ್ದು ಹೇಳಿರಲಿಲ್ಲ. ಈಗ ಬೆನ್ನ ಹಿಂದಿನಿಂದ ಕೂಗಿದರೆ ಅವಳಿಗೆ ಕೇಳುವುದಿಲ್ಲ. ಪಂಚಮಿ ದಿನ ನೀನು ಕರೆದಾಗ ಅವಳು ತಿರುಗದೆ ಹೋದಳು. "ಅಕ್ಕಾ, ನಿನ್ನ ಮಗಳಿಗೆ ಭಾಳ ಸೊಕ್ಕು ಅದ ನೋಡು" ಎಂದು ನೀನು ನಕ್ಕೆ. ನಿನ್ನ ಜೊತೆ ನಾನೂ ನಕ್ಕೆ.