ಚಾತುರ್ಮಾಸ್ಯದ ಚೆಂಡು

ಗೋಕುಳಪೇಠ, ನಾಗಪುರ
೧೦ ನವೆಂಬರ್ ೧೯೯೯, ಬುಧವಾರ

ಶ್ರೀ ವೇಣುಗೋಪಾಲರಿಗೆ, ಲೀಲಾ ಮಾಡುವ ನಮಸ್ಕಾರ.

ಉಭಯ ಕುಶಲೋಪರಿ ಎಂದು ಶುರು ಮಾಡುವುದು ಪದ್ಧತಿ. ಕಳೆದ ವರ್ಷ ನಿಮಗೆ ರಾಯಚೂರಿಗೆ ವರ್ಗವಾದಾಗಿನಿಂದ ಪ್ರತಿ ಪತ್ರವನ್ನೂ ಹಾಗೆಯೇ ಶುರು ಮಾಡಿದ್ದೇನೆ. ಈ ಸಲ ಪೆನ್ನು ಅಲ್ಲಿಗೆ ಹೋಗಲಿಲ್ಲ. ನೀವು ಕುಶಲವಾಗಿಯೇ ಇರುತ್ತೀರಿ, ಅದರಲ್ಲಿ ನನಗೆ ಸಂಶಯವಿಲ್ಲ. ನಿಮ್ಮ ಸ್ವೆಟರ್ ಹೆಣೆದು ಮುಗಿದಿದೆ. ಕಳಿಸುವ ಮನಸ್ಸಿಲ್ಲ.

ಮೊದಲು ಸುದ್ದಿ. ಬರುವ ಭಾನುವಾರ ನಮ್ಮ ಕಾಲೇಜು ಅಂತರಕಾಲೇಜು ಫುಟ್‌ಬಾಲ್ ಫೈನಲ್ ಆಡುತ್ತಿದೆ. ನಮ್ಮ ಕಾಲೇಜು ಎಂದದ್ದಕ್ಕೆ ನೀವು ಮೀಸೆಯಲ್ಲಿ ನಗುತ್ತಿರಬಹುದು, ಓದುವವನು ಮಗ, ಇವಳದೇನು ಎಂದು. ಮೂರು ವರ್ಷದಿಂದ ಮೈದಾನದ ಸಿಮೆಂಟ್ ಮೆಟ್ಟಿಲ ಮೇಲೆ ಛತ್ರಿ ಹಿಡಿದು ಕೂತವಳು ನಾನು. ಮೊದಲು ಹೋದದ್ದು ಹಟಕ್ಕೆ. ತಾಯಿ ಎದುರಿಗೆ ಕೂತರೆ ಆ ಕೋಚ್ ಲಾಂಜೇವಾರ್‌ಗೆ ನಾಚಿಕೆಯಾಗಿ ನಮ್ಮ ಹೃಷಿಕೇಶನನ್ನು ಆಡಿಸುತ್ತಾನೆ ಎಂದುಕೊಂಡಿದ್ದೆ. ಅವನು ಆಡಿಸಲಿಲ್ಲ, ನಾನು ಏಳಲಿಲ್ಲ. ಕೂತು ಕೂತು ಆಟ ತಲೆಗೆ ಹತ್ತಿತು. ಈಗ ಆಫ್‌ಸೈಡ್ ಆದರೆ ರೆಫರಿ ಸೀಟಿ ಊದುವ ಮೊದಲೇ ನನಗೆ ಗೊತ್ತಾಗುತ್ತದೆ. ಪಕ್ಕದಲ್ಲಿ ಕೂರುವ ಮರಾಠಿ ಹೆಂಗಸರು, ಕಾಯ್ ಝಾಲಂ ಕಾಕೂ, ಗೋಲು ಯಾಕೆ ಕೊಡಲಿಲ್ಲ ಎಂದು ನನ್ನನ್ನೇ ಕೇಳುತ್ತಾರೆ.

ಈ ಸಲ ಕಪ್ ನಮಗೇ ಬರಬೇಕು. ನಮ್ಮ ಗೋಲ್‌ಕೀಪರ್ ಇಡೀ ಮಳೆಗಾಲ ಚೆಂಡನ್ನು ಒಳಗೆ ಬಿಟ್ಟದ್ದೇ ಅಪರೂಪ. ಎದುರಾಳಿ ತಂಡದಲ್ಲಿ ಬಲಗಡೆ ಕಾಯುವ ಹುಡುಗ ಗಟ್ಟಿಮುಟ್ಟಾಗಿದ್ದಾನೆ ನಿಜ, ಆದರೆ ಅವನು ಹಿಂದಕ್ಕೆ ತಿರುಗುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಹೋಗಿರುತ್ತದೆ. ಆ ಕಡೆಯಿಂದ ಒಬ್ಬ ಚುರುಕಾದ ಎಡಗಾಲಿನವನು ನುಗ್ಗಿದರೆ ಆಟ ನಮ್ಮದೇ. ಅಂಥವನು ಶಕೀಲ್ ಇದ್ದ, ಕಾಮ್ಠಿಯ ಹುಡುಗ. ಸೆಮಿಫೈನಲ್‌ನಲ್ಲಿ ಅವನ ಮೊಣಕಾಲು ತಿರುಚಿತು. ಇನ್ನು ತಂಡದಲ್ಲಿ ಉಳಿದ ಎಡಗಾಲಿನವನು ಒಬ್ಬನೇ, ನಿಮ್ಮ ಮಗ. ಎಡಗೈ ಬಳಸುತ್ತಾನೆಂದು ನಿಮ್ಮ ತಾಯಿ ಅವನ ಕೈ ತಿದ್ದಿದರು. ಕಾಲಿನ ತಂಟೆಗೆ ಹೋಗಲಿಲ್ಲ, ಪುಣ್ಯ.

ಇದು ಅವನ ಕೊನೆಯ ವರ್ಷ, ಕೊನೆಯ ಪಂದ್ಯ. ವಿಶ್ವವಿದ್ಯಾಲಯದ ತಂಡಕ್ಕೆ ಹುಡುಗರನ್ನು ಆರಿಸುವವರು ಫೈನಲ್ ನೋಡಲು ಬರುತ್ತಾರೆ. ಮೈದಾನಕ್ಕೇ ಇಳಿಯದವನನ್ನು ಅವರು ಎಲ್ಲಿಂದ ನೋಡಬೇಕು? ಮೂರು ಸೀಸನ್‌ನಲ್ಲಿ ನಮ್ಮ ಹುಡುಗ ಒಂದೂ ನಿಜವಾದ ಪಂದ್ಯ ಆಡಿಲ್ಲ. ಜನವರಿಯ ಸ್ನೇಹದ ಪಂದ್ಯಗಳಲ್ಲಿ ಜಿಂಕೆಯಂತೆ ಓಡುತ್ತಾನೆ, ಲೆಕ್ಕಕ್ಕೆ ಬರುವ ಪಂದ್ಯ ಬಂದರೆ ಬೆಂಚು ಬಿಸಿ ಮಾಡುತ್ತಾನೆ. ಅದೂ ಸಾಲದೆಂದು, ಮಳೆಗಾಲದಲ್ಲಿ ಎಲ್ಲರೂ ಚರ್ಮದ ಚೆಂಡಿನಲ್ಲಿ ಅಭ್ಯಾಸ ಮಾಡುವಾಗ ಕೋಚ್ ಇವನೊಬ್ಬನ ಕೈಗೆ ಒಂದು ಕೆಂಪು ರಬ್ಬರ್ ಚೆಂಡು ಕೊಡುತ್ತಿದ್ದ. ಕಾಲಿಗೆ ಬೂಟಿನ ಬದಲು ಕ್ಯಾನ್ವಾಸ್ ಶೂ. ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬಾಲವಾಡಿ, ಬಾಲವಾಡಿ ಎಂದು ಕೂಗುತ್ತಿದ್ದರು. ಅವನು ಮನೆಗೆ ಬಂದು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದ, ನನಗೆ ಕೇಳಬಾರದೆಂದು.

ನಿಮಗೂ ಇದೆಲ್ಲ ಗೊತ್ತಿತ್ತು. ನಿಮ್ಮ ತೊಡೆಯ ಮೇಲೇ ತಲೆಯಿಟ್ಟು ಹೇಳಿಕೊಂಡಿದ್ದನಲ್ಲ. ಆಗ ನೀವು ಅವನ ಕೂದಲಲ್ಲಿ ಕೈಯಾಡಿಸುತ್ತ ಏನೆಂದಿರಿ, ನೆನಪಿದೆಯೆ? ಆ ಮನಿಷ್ಯಾಗ ನಮ್ಮ ಮಂದಿ ಕಂಡ್ರ ಆಗಂಗಿಲ್ಲೋ ಹೃಷಿ, ನಮ್ಮನ್ನ ಮದ್ರಾಸಿ ಅಂತಾನ, ಬಿಟ್ಟುಬಿಡು, ನೀ ನಿನ್ನ ಓದು ನೋಡಿಕೋ ಎಂದಿರಿ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳಿದಿರಿ. ನಾನು ಬಾಗಿಲ ಹತ್ತಿರ ನಿಂತು, ಎಂಥ ತಂದೆ ಸಿಕ್ಕಿದ್ದಾನಪ್ಪ ನನ್ನ ಮಗನಿಗೆ ಎಂದುಕೊಂಡೆ. ದೇವರ ಮುಂದೆ ದೀಪ ಹಚ್ಚುವಾಗಲೂ ಆ ಲಾಂಜೇವಾರ್‌ಗೆ ಶಾಪ ಹಾಕುತ್ತಿದ್ದೆ.

ಮೊನ್ನೆ ದೀಪಾವಳಿ ಪಾಡ್ಯದ ದಿನ ಆ ಲಾಂಜೇವಾರ್ ಅವರೇ ಮನೆಗೆ ಬಂದರು. ಇನ್ನು ಮೇಲೆ ಅವರು ಎಂದೇ ಬರೆಯುತ್ತೇನೆ. ಊರಾಚೆಯ ವಾಡಿಯಿಂದ, ಆ ಲಾರಿಗಳ ಧೂಳಿನಲ್ಲಿ, ಸ್ಕೂಟರ್ ಮೇಲೆ. ಕೊರಳಲ್ಲಿ ತುಳಸಿ ಮಾಲೆ. ವರ್ಷವರ್ಷವೂ ಪಂಢರಪುರಕ್ಕೆ ನಡೆದು ಹೋಗುವ ವಾರಕರಿಗಳ ಮನೆಯವರಂತೆ, ನನಗೆ ಗೊತ್ತಿರಲಿಲ್ಲ. ಕುರ್ಚಿ ಕೊಟ್ಟರೆ ಕೂರಲಿಲ್ಲ. ಕೈಮುಗಿದು ನಿಂತು, ವಹಿನೀ, ಈ ಮಾತು ಬಾಯಿಗೆ ತಂದರೆ ವ್ರತದ ಫಲ ಹೋಗುತ್ತದೆ ಎಂದು ನಿಮ್ಮ ಸಾಹೇಬರು ಹೇಳಿದ್ದರು, ಅದಕ್ಕೇ ಮೂರು ವರ್ಷ ಹುಡುಗನ ಹತ್ತಿರವೂ ತುಟಿ ಬಿಚ್ಚಲಿಲ್ಲ, ಆದರೆ ಈಗ ಇಲಾಜ್ ನಾಹೀ, ಬೇರೆ ದಾರಿಯಿಲ್ಲ ಎಂದರು. ಒಂದು ದಿನಕ್ಕೆ, ಒಂದೇ ದಿನಕ್ಕೆ, ಹೃಷಿಕೇಶನಿಗೆ ವ್ರತದಿಂದ ಬಿಡುಗಡೆ ಕೊಡಿಸಿ. ಪಾಪ ಬಂದರೆ ನನಗೆ ಬರಲಿ. ಆಷಾಢದಲ್ಲಿ ವಿಠೋಬನ ಕಾಲು ಹಿಡಿದು ತೊಳೆದುಕೊಳ್ಳುತ್ತೇನೆ. ಹೀಗೆಂದರು.

ಯಾವ ವ್ರತ ಎಂದು ಕೇಳಿದೆ.

ಅವರೇ ನನಗೆ ತಿಳಿಸಿ ಹೇಳಿದರು. ಹೃಷಿ ಮೊದಲ ವರ್ಷಕ್ಕೆ ಸೇರಿದಾಗ ನೀವು ಅವರನ್ನು ಕಂಡು ಬಂದಿರಂತೆ. ನಾವು ಮಾಧ್ವರು, ಮಗ ಚಾತುರ್ಮಾಸ್ಯ ಹಿಡಿದಿದ್ದಾನೆ, ಆಷಾಢದಿಂದ ಕಾರ್ತಿಕದವರೆಗೆ ನಾಲ್ಕು ತಿಂಗಳು ಚರ್ಮ ಮುಟ್ಟುವಂತಿಲ್ಲ, ಚೆಂಡೂ ಚರ್ಮದ್ದು, ಬೂಟೂ ಚರ್ಮದ್ದು ಎಂದಿರಂತೆ. ಫುಟ್‌ಬಾಲ್ ಸೀಸನ್ನೂ ಅದೇ ನಾಲ್ಕು ತಿಂಗಳು ಎಂದು ನಿಮಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಆ ಮನುಷ್ಯ ಸೀತಾಬರ್ಡಿಯ ಅಂಗಡಿಗಳನ್ನೆಲ್ಲ ಅಲೆದು, ಸರಿಯಾದ ತೂಕದ ರಬ್ಬರ್ ಚೆಂಡು ಹುಡುಕಿ ತಂದದ್ದು. ಹುಡುಗನ ಕಾಲು ಆಟ ಮರೆಯಬಾರದು, ವ್ರತವೂ ಕೆಡಬಾರದು ಎಂದು. ಈ ಸಲ ಫೈನಲ್ಲನ್ನು ಒಂದು ವಾರ ಮುಂದೆ ಹಾಕಿ, ವ್ರತ ಮುಗಿಯುವ ಉತ್ಥಾನ ದ್ವಾದಶಿ ಕಳೆಯಲಿ ಎಂದು ಪಂದ್ಯ ನಡೆಸುವವರ ಹತ್ತಿರ ಹೋಗಿ ಬೇಡಿಕೊಂಡರಂತೆ. ಅವರು ನಕ್ಕು ಕಳಿಸಿದರಂತೆ. ನಾವು ತಾಯಿ ಮಗ ಕೂತು ಬೈದದ್ದು ಇವರನ್ನು.

ನಮ್ಮ ಮನೆಯಲ್ಲಿ ಚಾತುರ್ಮಾಸ್ಯ ಇರುವುದು ಸುಳ್ಳಲ್ಲ. ಒಂದು ತಿಂಗಳು ತರಕಾರಿ ಬಿಟ್ಟು, ಒಂದು ತಿಂಗಳು ಮೊಸರು ಬಿಟ್ಟು, ಒಂದು ತಿಂಗಳು ಹಾಲು ಬಿಟ್ಟು, ಕೊನೆಯ ತಿಂಗಳು ಬೇಳೆಕಾಳು ಬಿಟ್ಟು ಅಡಿಗೆ ಮಾಡುವವಳು ನಾನು. ಅದು ಊಟದ ನೇಮ. ಚರ್ಮದ ಮಾತು ಯಾವ ಶಾಸ್ತ್ರದಲ್ಲಿದೆ ಸ್ವಾಮಿ? ನೀವು ಆ ನಾಲ್ಕು ತಿಂಗಳೂ ಚರ್ಮದ ಚಪ್ಪಲಿ ಮೆಟ್ಟಿಕೊಂಡೇ ಬ್ಯಾಂಕಿಗೆ ಹೋಗುತ್ತಿದ್ದಿರಿ, ಸೊಂಟಕ್ಕೆ ಬೆಲ್ಟು ಬೇರೆ.

ಇನ್ನೊಂದು ಮಾತು ಹೇಳಿದರು ನೋಡಿ, ಅದು ನನ್ನ ಹೊಟ್ಟೆಗೆ ಬೆಂಕಿ ಇಟ್ಟಿತು. ಅಭ್ಯಾಸ ಮುಗಿದ ಮೇಲೆ ಹುಡುಗರಿಗೆಲ್ಲ ನೆನೆಸಿದ ಕಡಲೆಕಾಳು ಕೊಡುತ್ತಾರೆ. ಮೊದಲ ವರ್ಷ ಅವರಿಗೂ ಒಂದಿಷ್ಟು ಅನುಮಾನ ಇತ್ತಂತೆ, ಕಾಲೇಜು ಹುಡುಗ ಇಷ್ಟು ಕಡಕ್ ವ್ರತ ಮಾಡುತ್ತಾನೆಯೆ ಎಂದು. ಕಾರ್ತಿಕ ಬಂತು. ಹಸಿದ ಹುಡುಗ, ಬೆವರು ಸುರಿಯುತ್ತಿದೆ, ಎಲ್ಲರೂ ಮುಷ್ಟಿ ಮುಷ್ಟಿ ಕಡಲೆ ತಿನ್ನುತ್ತಿದ್ದಾರೆ, ಇವನು ಮಾತ್ರ ಬೇಡ ಎಂದು ನೀರು ಕುಡಿದು ಎದ್ದು ಹೋದ. ಅಂದು ನನ್ನ ಅನುಮಾನ ಸತ್ತಿತು ವಹಿನೀ ಎಂದರು. ಕಾಳು ತಿನ್ನಬೇಡ ಎಂದು ಹೇಳಿ ಕಳಿಸಿದವಳು ನಾನು. ಹೊರಗೆ ಹೋದರೂ ನೇಮ ಬಿಡಬಾರದು ಎಂದು ಅವನಿಂದ ಆಣೆ ಹಾಕಿಸಿಕೊಂಡವಳು ನಾನು. ನಿಮ್ಮ ಸುಳ್ಳಿಗೆ ನನ್ನ ಮಡಿಯನ್ನು ಸಾಕ್ಷಿಗೆ ನಿಲ್ಲಿಸಿದಿರಿ, ಅದೂ ನನಗೆ ತಿಳಿಯದ ಹಾಗೆ.

ನಿಮಗೆ ಭಯವಿತ್ತು, ಒಪ್ಪುತ್ತೇನೆ. ಆಟಕ್ಕೆ ಬಿದ್ದರೆ ಓದು ಕೆಡುತ್ತದೆ, ಸಿ.ಎ. ಆಗುವುದಿಲ್ಲ ಎಂದು. ಹಾಗಿದ್ದರೆ ಬೇಡ ಎನ್ನಬೇಕಿತ್ತು. ಗಂಡಸಾಗಿ ಎದುರಿಗೆ ನಿಂತು, ನೀ ಆಡುವಂತಿಲ್ಲ ಎನ್ನಬೇಕಿತ್ತು. ಅವನು ಎರಡು ದಿನ ಊಟ ಬಿಡುತ್ತಿದ್ದ, ನಾಲ್ಕು ದಿನ ಮಾತು ಬಿಡುತ್ತಿದ್ದ, ಆಮೇಲೆ ಸರಿ ಹೋಗುತ್ತಿದ್ದ. ಎಷ್ಟೋ ಮನೆಗಳಲ್ಲಿ ತಂದೆಯರು ಹಾಗೆ ಮಾಡುತ್ತಾರೆ, ಕೆಟ್ಟವರಾಗುತ್ತಾರೆ. ನಿಮಗೆ ಅಷ್ಟು ಕೆಟ್ಟವರಾಗುವುದೂ ಬೇಡ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕೆಟ್ಟತನವನ್ನೆಲ್ಲ ಪರವೂರಿನ ಒಬ್ಬ ಸಾಧು ಮನುಷ್ಯನ ತಲೆಗೆ ಕಟ್ಟಿ, ಮಗನ ಕಣ್ಣೀರನ್ನು ನೀವೇ ಒರೆಸಿದಿರಿ. ಅಡ್ಡಗಾಲು ಹಾಕಿ ಬೀಳಿಸಿದವನೇ ಓಡಿ ಬಂದು ಎತ್ತಿದರೆ ಬಿದ್ದವನು ಕೈಮುಗಿಯುತ್ತಾನೆ, ಹಾಗೆ ಅವನು ನಿಮಗೆ ಮುಗಿಯುತ್ತಿದ್ದಾನೆ. ಇದನ್ನು ನಾನು ಕ್ಷಮಿಸುವುದಿಲ್ಲ. ಮೂರು ವರ್ಷ ಅವನು ತನ್ನ ಕಾಲಿನಲ್ಲೇ ಏನೋ ಕೊರತೆ ಇದೆ ಎಂದು ತಿಳಿದು ಬದುಕಿದ.

ಆ ಹೊತ್ತು ಲಾಂಜೇವಾರ್ ಸರ್‌ಗೆ ಸತ್ಯ ಹೇಳಬಹುದಿತ್ತು. ನಾಲಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ನಿಮ್ಮ ಮರ್ಯಾದೆ ಅಲ್ಲೇ ಹೊಸ್ತಿಲ ಮೇಲೆ ಹೋಗುತ್ತಿತ್ತು. ಗಂಡನ ಮರ್ಯಾದೆ ಕಾಯುವುದು ನನಗೆ ಹತ್ತಿದ ರೋಗ, ಇನ್ನೂ ಪೂರ್ತಿ ಬಿಟ್ಟಿಲ್ಲ. ಅದಕ್ಕೇ ನಾನೂ ಒಂದು ಸುಳ್ಳು ಹೇಳಿದೆ. ರಾಯಚೂರಿನಿಂದ ಅವರೇ ಫೋನ್ ಮಾಡಿದ್ದರು, ಮಠದಲ್ಲಿ ಆಚಾರ್ಯರನ್ನು ಕೇಳಿ ಒಂದು ದಿನದ ಮಟ್ಟಿಗೆ ಅಪ್ಪಣೆ ತಂದಿದ್ದಾರೆ, ಹುಡುಗ ಆಡಬಹುದು ಎಂದೆ. ಅವರ ಕಣ್ಣಲ್ಲಿ ನೀರು ಬಂತು. ದಕ್ಷಿಣಕ್ಕೆ ತಿರುಗಿ ಕೈಮುಗಿದು, ಸಾಹೇಬ್ ದೇವಮಾಣೂಸ್ ಆಹೇತ ಎಂದರು. ನಿಮ್ಮನ್ನು ದೇವರಂಥ ಮನುಷ್ಯ ಎಂದರು ಕಣ್ರೀ. ನಾನು ಒಳಗೆ ಹೋಗಿ ಅವರಿಗೆ ಚಹಾ ಮಾಡಿದೆ.

ಹೃಷಿಗೆ ಏನೂ ಹೇಳಿಲ್ಲ, ಹೇಳುವುದೂ ಇಲ್ಲ. ತಂದೆಯ ಮೇಲಿನ ಪ್ರೀತಿಯನ್ನು ಕಿತ್ತುಕೊಂಡು ಅವನಿಗೆ ನಾನು ಬದಲಿಗೆ ಏನು ಕೊಡಲಿ? ಭಾನುವಾರ ಆಡುತ್ತೀಯಂತೆ, ಸರ್ ಬಂದು ಹೇಳಿಹೋದರು ಎಂದಷ್ಟೇ ಹೇಳಿದೆ. ಅವನು ನಂಬಲಿಲ್ಲ. ಆಮೇಲೆ ಅಟ್ಟದ ಮೇಲಿನ ಬೂಟು ತೆಗೆದು ಎಣ್ಣೆ ಹಚ್ಚುತ್ತ ಕೂತ. ಸೀಟಿ ಹೊಡೆಯುತ್ತಿದ್ದ. ಈ ಮನೆಯಲ್ಲಿ ಆ ಸದ್ದು ಕೇಳಿ ಬಹಳ ದಿನವಾಗಿತ್ತು.

ಭಾನುವಾರ ನಾನು ಎಲ್ಲರಿಗಿಂತ ಮೊದಲೇ ಹೋಗಿ ಕೂರುತ್ತೇನೆ. ಗೋಲು ಹೊಡೆಯದಿದ್ದರೂ ಬೇಸರವಿಲ್ಲ. ಅವನು ಒಂದು ಸಲ ಆ ದಪ್ಪ ಹುಡುಗನನ್ನು ದಾಟಿ ಗೆರೆಯ ಗುಂಟ ಓಡಬೇಕು, ಇಡೀ ಮೈದಾನ ಅವನ ಹೆಸರು ಕೂಗಬೇಕು, ಅಷ್ಟೇ ನನಗೆ ಬೇಕಾದದ್ದು. ಈ ಪತ್ರ ನಾಳೆ ಡಬ್ಬಿಗೆ ಹಾಕುತ್ತೇನೆ. ಸೋಮವಾರಕ್ಕಿಂತ ಮೊದಲು ನಿಮ್ಮ ಕೈಗೆ ಬರುವುದಿಲ್ಲ. ಬೇಕೆಂದೇ ಹಾಗೆ ಮಾಡಿದ್ದೇನೆ, ನೀವು ಮತ್ತೆ ಇನ್ನೊಂದು ವ್ರತ ಹುಡುಕಬಾರದಲ್ಲ. ಸಂಕ್ರಾಂತಿಗೆ ಬರುತ್ತೇನೆ ಎಂದು ಬರೆದಿದ್ದಿರಿ. ಬರಬೇಡಿ.

ಇಂತಿ,
'ನಿಮ್ಮ' ಎಂದು ಬರೆಯಲು ಈ ಸಲ ಮನಸ್ಸಾಗದ
ಲೀಲಾ

ಮರೆತ ಮಾತು, ಗುರುವಾರ ಸಂಜೆ: ಅಂಟಿಸಿದ ಲಕೋಟೆ ಮತ್ತೆ ಬಿಚ್ಚಿದ್ದೇನೆ. ಇವತ್ತು ಹೃಷಿ ಎಸ್‌ಟಿಡಿ ಬೂತಿನಿಂದ ನಿಮಗೆ ಫೋನ್ ಮಾಡಿದನಂತೆ, ಅಪ್ಪಾ ನಾ ಫೈನಲ್ ಆಡ್ತೀನಿ ಎಂದು. ನೀವು, ಆ ಲಾಂಜೇವಾರನ ಮಾತು ನಂಬಬ್ಯಾಡ, ಕಡೀ ಗಳಿಗ್ಯಾಗ ನಿನ್ನ ಬೆಂಚಿನ ಮ್ಯಾಲೇ ಕೂಡಸ್ತಾನ ಎಂದಿರಂತೆ. ಮನೆಗೆ ಬಂದು ನನ್ನ ಎದುರಿಗೇ ಸರ್‌ಗೆ ಹಲಕಟ್ ಎಂದ. ನನಗೆ ತಡೆದುಕೊಳ್ಳಲು ಆಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಅವನು ನಿಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲ. ಆ ವ್ರತ ಸುಳ್ಳು ಅಂತ ಸರ್‌ಗೆ ಗೊತ್ತದ ಏನು ಎಂದು ಕೇಳಿದ. ಇಲ್ಲ, ಅವರು ನಂಬಿದ್ದಾರೆ ಎಂದೆ. ಹಂಗಾರ ನೀ ಹೇಳಿದ ಅಪ್ಪಣೆ ಎಂದ. ಅದೂ ಸುಳ್ಳೇ ಎಂದೆ. ಆಮೇಲೆ, ಅಮ್ಮಾ, ಇಷ್ಟ್ ಝೂಟ್ ಬೋಲಕೇ ನಾ ಗ್ರೌಂಡಿಗೆ ಇಳಿಯಂಗಿಲ್ಲ, ಸರ್ ಕೋ ಸಚ್ ಬೋಲನಾ ಪಡೇಗಾ, ಖರೇ ಹೇಳಲಿಕ್ಕೇ ಬೇಕು, ಆಮ್ಯಾಲೆ ಆಡಸ್ತಾರೋ ಬಿಡ್ತಾರೋ ಅವರ ಮರ್ಜಿ ಎಂದು ಸೈಕಲ್ ತೆಗೆದುಕೊಂಡು ವಾಡಿಗೆ ಹೋದ. ಬೇಡ ಎಂದು ಗೇಟಿನವರೆಗೆ ಓಡಿದೆ, ಭಾನುವಾರ ಕಳೆಯಲಿ, ಸೋಮವಾರ ಹೇಳು ಎಂದು ಬೇಡಿಕೊಂಡೆ. ತಿರುಗಿ ನೋಡಲಿಲ್ಲ. ಹೋಗಿ ಎಷ್ಟೋ ಹೊತ್ತಾಯಿತು, ಇನ್ನೂ ಬಂದಿಲ್ಲ. ಅವನು ಆಡುತ್ತಾನೋ ಇಲ್ಲವೋ ಗೊತ್ತಿಲ್ಲ. ಇದೊಂದರಲ್ಲಿ ಅವನು ನಿಮ್ಮನ್ನೂ ಹೋಲುವುದಿಲ್ಲ, ನನ್ನನ್ನೂ ಹೋಲುವುದಿಲ್ಲ.