ಆಯುಧಪೂಜೆಗೆ ಮಲಗಿದ ಕಂಪ್ಯೂಟರ್

ಪಾವಗಡ
26 ಅಕ್ಟೋಬರ್ 2025, ಭಾನುವಾರ

ಪ್ರೀತಿಯ ನಮ್ಮ ಯಜಮಾನರಿಗೆ, ಲೋಹಿತಾ ಮಾಡುವ ನಮಸ್ಕಾರ.

ಹೇಗಿದ್ದೀರಿ? ಮಧುಗಿರಿ ಜೈಲಿನ ಊಟ ಹೊಟ್ಟೆಗೆ ಒಗ್ಗಿತೇ? ಹೋದ ಸಲ ಕಂಬಿಯಾಚೆ ನಿಂತಾಗ ಮೂಗು ಕೆಂಪಗಾಗಿತ್ತು. ಅತ್ತಿದ್ದೋ ಶೀತವೋ ತಿಳಿಯಲಿಲ್ಲ. ಇಲ್ಲಿ ನಾನೂ ಅತ್ತೆಯವರೂ ಕ್ಷೇಮ. ಅವರ ಬಾಯಂತೂ ಇನ್ನೂ ಕ್ಷೇಮ. ಬಾಗಿಲಿಗೆ ಬಂದವರಿಗೆಲ್ಲ "ನನ್ನ ನಾಗಭೂಷಣ ಇರುವೆ ತುಳಿಯೋನಲ್ಲ ಕಣಮ್ಮ, ಅವನೆಂಗೆ ಕಾವಲುಗಾರನ ತಲೆ ಒಡೀತಾನೆ" ಎಂದು ಸೆರಗಿಗೆ ಮೂಗು ಒರೆಸುತ್ತಾರೆ. ರಾಯಚರ್ಲು ಹತ್ತಿರ ಸೋಲಾರ್ ಪಾರ್ಕಿನಲ್ಲಿ ಕಾವಲುಗಾರನ ತಲೆ ಒಡೆದು ತಾಮ್ರದ ತಂತಿ ಕದ್ದವರು ಯಾರೋ, ಅದರ ಹಿಂದಿನ ವಾರ ಆ ಕಾವಲುಗಾರನ ಜೊತೆ ಬಾಯಿ ಮಾಡಿದ ತಪ್ಪಿಗೆ ಒಳಗೆ ಕೂತವರು ನೀವು. ನೀವು ಅಲ್ಲಿಗೆ ಹೋಗಿರಲಿಲ್ಲವೆಂದು ನನಗೆ ಗೊತ್ತು. ಈಗಂತೂ ಚೆನ್ನಾಗಿಯೇ ಗೊತ್ತು.

ನೀವು ಹೇಳಿದಂತೆ ನಮ್ಮ ಜೆರಾಕ್ಸ್ ಅಂಗಡಿಯ ಕಂಪ್ಯೂಟರನ್ನು ಲಾಯರ್ ಚನ್ನಮಲ್ಲಯ್ಯನವರಿಗೆ ಒಯ್ದು ಕೊಟ್ಟೆ. "ಆ ತಂತಿ ಕದ್ದ ದಿನ ಮಧ್ಯಾಹ್ನ ಅಂಗಡೀಲೆ ಶಟರ್ ಎಳ್ಕೊಂಡು ಮಲಗಿದ್ದೆ, ಕ್ಯಾಮೆರಾದಲ್ಲಿರ್ತದೆ. ನೀನು ತೆಗೆದು ನೋಡೋಕೆ ಹೋಗ್ಬೇಡ ಕಣೇ, ಹಂಗೇ ಕೊಟ್ಬುಡು" ಅಂದಿರಲ್ಲ, ನನಗೆ ಯಾಕೆ ಶ್ರಮ ಎಂಬ ಪ್ರೀತಿ ಅಂದುಕೊಂಡೆ. ಆದರೆ ಅದು ಏಳಲೇ ಇಲ್ಲ. ಆಯುಧಪೂಜೆಯ ಬೆಳಿಗ್ಗೆ ಧೂಳು ಒರೆಸಿ ಆನ್ ಮಾಡಿದ್ದೆ. ಏನೋ ಅಪ್‌ಡೇಟ್ ಮಾಡಿಕೊಳ್ಳುತ್ತ, ಆಫ್ ಮಾಡಬೇಡಿ ಎಂದು ಪರದೆಯ ಮೇಲೆ ಬರೆದುಕೊಂಡು ಕೂತಿತ್ತು. ನಿಮ್ಮ ತಾಯಿಗೆ ಅದೆಲ್ಲ ಎಲ್ಲಿ ತಿಳಿಯಬೇಕು! "ಅಯ್ಯೋ, ಇವತ್ತೊಂದಿನ ಆಯುಧ ದುಡೀಬಾರ್ದು ಕಣಮ್ಮ, ಅದೂ ಮಲಗ್ಲಿ" ಎಂದು ಗೋಡೆಯಿಂದ ವೈರು ಕಿತ್ತು, ವಿಭೂತಿ ಮೂರು ಪಟ್ಟೆ ಎಳೆದು, ಸೇವಂತಿಗೆ ಹಾರ ಹಾಕಿ, ಮುಂದೆ ಬೂದುಗುಂಬಳ ಒಡೆದರು. ಅಂದು ಮಲಗಿದ್ದು ಮಲಗಿದ್ದೇ. ಮಗನನ್ನು ಬಿಡಿಸುವ ಸಾಕ್ಷಿಯನ್ನು ಕೈಯಾರೆ ಕೆಡಿಸಿದಿರಿ ಎಂದು ದಿನಕ್ಕೆರಡು ಸಲ ಅವರಿಗೆ ನೆನಪಿಸುತ್ತೇನೆ, ಊಟಕ್ಕೆ ಕೂತಾಗ. ಪಾಪ, ಅರ್ಧ ಮುದ್ದೆಗೇ ಕೈ ತೊಳೆಯುತ್ತಾರೆ.

ಲಾಯರು ಮಧುಗಿರಿಯ ರಿಪೇರಿಯವನಿಗೆ ತೋರಿಸಿದರು. "ಫಾರ್ಮ್ಯಾಟ್ ಮಾಡ್ಬೇಕು ಮೇಡಂ, ಒಳಗಿರೋದೆಲ್ಲ ಹೋಯ್ತದೆ" ಅಂದ. ನಾನು ಬಿಡಲಿಲ್ಲ, ವಾಪಸ್ ಮನೆಗೆ ತಂದೆ. "ಇವ್ಳಿಗೆ ಮೌಸ್ ಹಿಡಿಯೋಕೂ ಬರಲ್ಲ" ಎಂದು ಗಿರಾಕಿಗಳ ಮುಂದೆ ನಗುತ್ತಿದ್ದಿರಲ್ಲ, ಆ ನಾನೇ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಕಲಿತೆ. ಯಂತ್ರ ಏಳುವಾಗ ಮೊಟ್ಟಮೊದಲು ಓದುವ ಒಂದು ಪುಟ ಇರುತ್ತದಂತೆ, ಬೂಟ್ ರೆಕಾರ್ಡ್ ಅಂತ. ಅದು ಕೆಟ್ಟರೆ ಒಳಗೆ ಎಲ್ಲ ಇದ್ದರೂ ಎಲ್ಲಿಂದ ಶುರು ಮಾಡಬೇಕೆಂದು ಅದಕ್ಕೆ ತಿಳಿಯುವುದಿಲ್ಲ. ಸರಿಪಡಿಸಿಕೊಳ್ಳುವ ರಿಕವರಿಯೂ ತೆರೆಯುವುದಿಲ್ಲ. ಪೆನ್‌ಡ್ರೈವ್ ಸಿಕ್ಕಿಸಿ ಕಪ್ಪು ಪರದೆಯ ಮೇಲೆ ಒಂದೊಂದೇ ಅಕ್ಷರ ಕುಟ್ಟಿದೆ. ಒಂದು ಚುಕ್ಕೆ ಹೆಚ್ಚಾದರೂ ಆಗುವುದಿಲ್ಲ ಅನ್ನುತ್ತದೆ, ಥೇಟ್ ನಿಮ್ಮ ಹಾಗೆ. ಹನ್ನೊಂದು ದಿನ ರೀ! ಸಿದ್ದರಬೆಟ್ಟಕ್ಕೆ ಹರಕೆ ಹೊತ್ತೆ, ಸೋಮವಾರ ಒಪ್ಪೊತ್ತು ಮಾಡಿದೆ. ಮೊನ್ನೆ ಶುಕ್ರವಾರ ಬೆಳಿಗ್ಗೆ ಆ ಪುಟ ಸರಿಹೋಯಿತು, ರಿಕವರಿ ತೆರೆಯಿತು, ಹಿಂದಿನ ಸ್ಥಿತಿಗೆ ತಂದೆ, ಎದ್ದು ಕೂತಿತು. ಅಡುಗೆಮನೆಗೆ ಓಡಿ ಅತ್ತೆಯವರನ್ನು ತಬ್ಬಿಕೊಂಡು ಅತ್ತುಬಿಟ್ಟೆ. ತಂತಿ ಕದ್ದ ದಿನದ ರೆಕಾರ್ಡಿಂಗ್ ಹಾಗೇ ಇತ್ತು. ಹನ್ನೆರಡೂಕಾಲಿನಿಂದ ಎರಡರವರೆಗೆ, ಕಳ್ಳತನವಾದ ಹೊತ್ತಿಗೆ ಸರಿಯಾಗಿ, ನೀವು ಅಂಗಡಿಯಲ್ಲೇ ಇದ್ದೀರಿ, ಮುಖ ಸ್ಪಷ್ಟ. ಅಷ್ಟು ಸಿಕ್ಕರೆ ಕೇಸೇ ನಿಲ್ಲುವುದಿಲ್ಲವೆಂದು ಲಾಯರು ಹೇಳಿದ್ದರು.

ತಣ್ಣೀರಲ್ಲಿ ತಲೆ ತೊಳೆಯಬೇಡಿ. ಊಟ ಬಿಡಬೇಡಿ. ಅತ್ತೆಯವರ ಆಶೀರ್ವಾದವೂ ಇದರ ಜೊತೆಗಿದೆ. ಅಂಚೆಗೆ ಹಾಕದೆ ಕಾಗದವನ್ನು ಅವರ ಕೈಲೇ ಕಳುಹಿಸುತ್ತಿದ್ದೇನೆ. ಅವರಿಗೆ ಓದು ಬಾರದಲ್ಲ.

ನಿಮ್ಮ ಕೈಹಿಡಿದವಳು,
ಲೋಹಿತಾ

ಬರೆಯಲು ಮರೆತದ್ದು: ಅವತ್ತು ನನಗೆ ಜ್ವರವೆಂದು ನಿಮ್ಮ ಬುತ್ತಿಯನ್ನು ನನ್ನ ತಂಗಿ ಸಹನಾಳ ಕೈಲಿ ಕಳುಹಿಸಿದ್ದೆ. ಶಟರ್ ಎಳೆದವಳು ಅವಳು. ನಾನು ಕಲಸಿದ ಚಿತ್ರಾನ್ನವನ್ನು ನಿಮಗೆ ತುತ್ತು ಮಾಡಿ ತಿನ್ನಿಸಿದಳು. ಆಮೇಲಿನದನ್ನು ಬರೆಯಲು ನಾಚಿಕೆ, ನೋಡಿದ್ದಂತೂ ಪೂರ್ತಿ ನೋಡಿದೆ, ಎರಡು ಸಲ. ಮತ್ತೆ ಅದೇ ರಿಕವರಿಗೆ ಹೋದೆ. ಇರುವುದನ್ನು ಉಳಿಸಲೋ, ಎಲ್ಲ ಅಳಿಸಲೋ ಎಂದು ಕೇಳಿತು. ಎಲ್ಲ ಅಳಿಸು ಅಂದೆ. ಖಂಡಿತವೇ ಅಂತ ಕೇಳಿತು, ಹೂಂ ಅಂದೆ. ನಾಲ್ಕು ಗಂಟೆ ಹೊತ್ತು ಒರೆಸಿತು. ಲಾಯರಿಗೆ ಏನೂ ಸಿಗಲಿಲ್ಲವೆಂದೆ. ಅತ್ತೆಗೆ, ಅವರು ವೈರು ಕಿತ್ತಾಗಲೇ ಆ ದಿನದ್ದು ಹೋಗಿತ್ತು ಎಂದು ಹೇಳಿದ್ದೇನೆ. ಬೇಕಾದರೆ ಈ ಕಾಗದವನ್ನೇ ಲಾಯರಿಗೆ ತೋರಿಸಿ. ನನ್ನ ಅಪ್ಪನಿಗೂ ಹೊಸ ಬೀಗರಿಗೂ ಓದಿ ಹೇಳಲಿ. ಹೌದು, ಸಹನಾಳಿಗೆ ಗಂಡು ಗೊತ್ತಾಗಿದೆ, ಸಿರಾದ ಕಾಡಸಿದ್ದಪ್ಪನವರ ಮಗ, ನವೆಂಬರ್ ಹದಿನಾರಕ್ಕೆ ಮದುವೆ. ನೀವು ಎಲ್ಲಿದ್ದಿರೆಂದು ಹೇಳಬಲ್ಲವಳು ಈಗ ಅವಳೊಬ್ಬಳೇ ಅಲ್ಲವೇ? ನಿನ್ನೆ ಸೀರೆ ಆರಿಸುವಾಗ ಕೇಳಿದೆ. "ಅವತ್ತು ಅಂಗಡಿಗೆ ಬೀಗ ಹಾಕಿತ್ತು ಕಣಕ್ಕಾ, ಬುತ್ತಿ ದಾರೀಲಿ ಯಾರಿಗೋ ಕೊಟ್ಬುಟ್ಟೆ, ಭಾವ ಇರ್ಲೇ ಇಲ್ಲ" ಅಂದಳು. ಪೊಲೀಸರು ಕೇಳಿದರೆ ಅವರಿಗೂ ಅದನ್ನೇ ಹೇಳುತ್ತಾಳಂತೆ.