ಎದುರೊತ್ತು ನೂರಕ್ಕೆ ನೂರು

ಬಾಗಿಲು ಮುಚ್ಚಿದ ನೂರೆಂಟನೆಯ ವರ್ಷ, ಆರನೆಯ ತಿಂಗಳ ಮೂವತ್ತೇಳನೆಯ ತಾರೀಖು

ಬಾಗಿಲು ಮುಚ್ಚುವ ಮುಂಚಿನ ಕಾಲದಲ್ಲಿ ರಸ್ತೆಯ ಮೇಲೆ ಗಾಡಿ ಓಡಿಸುವ ಹಿರಿಯರಿಗೆ, ಕೋಲಾರದ ಹಳೆಯ ಗಣಿಯೊಳಗಿನಿಂದ ಸೊಣ್ಣಮ್ಮನ ನಮಸ್ಕಾರಗಳು. ತಾರೀಖು ನೋಡಿ ನಗಬೇಡಿ. ಸೂರ್ಯ ಕಾಣದ ಮೇಲೆ ತಿಂಗಳಿಗೆ ನಲವತ್ತು ದಿನವೆಂದು ನಮ್ಮವರೇ ಗೊತ್ತು ಮಾಡಿಕೊಂಡರು. ನನ್ನ ಮಾತು ಒರಟಾಗಿ ಕೇಳಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೇಲಿನ ಗಾಳಿ ಕೆಟ್ಟು ನಮ್ಮ ಮುತ್ತಜ್ಜಂದಿರು ಇಲ್ಲಿಗಿಳಿದಾಗ, ಯಾರೋ ಪುಣ್ಯಾತ್ಮರು ಆಟದ ಸ್ಟೀರಿಂಗುಗಳನ್ನೂ ಇಳಿಸಿದರು. ಪರದೆಯ ಮೇಲೆ ರಸ್ತೆ ಓಡುತ್ತದೆ, ಸ್ಟೀರಿಂಗಿನೊಳಗಿನ ಮೋಟಾರು ಕೈಯನ್ನು ತಳ್ಳುತ್ತದೆ. ಆ ತಳ್ಳುವಿಕೆಗೆ ನಾವು ಎದುರೊತ್ತು ಎನ್ನುತ್ತೇವೆ. ಅದನ್ನು ಹದ ಮಾಡುವುದು ಇಪ್ಪತ್ತು ವರ್ಷದಿಂದ ನನ್ನ ಕೆಲಸ. ದೀಪದ ಬೆಳಕಿನಲ್ಲಿ ಬೆಳೆದ ರಾಗಿಯ ಮುದ್ದೆ ಉಂಡು ಮಕ್ಕಳೆಲ್ಲ ಸಾಲಾಗಿ ಬಂದು ಕೂರುತ್ತಾರೆ. ಮುಳಬಾಗಿಲಿನ ರಸ್ತೆ ಅವರಿಗೆ ಬಾಯಿಪಾಠ. ತೋಳು ನೋಯದಿದ್ದರೆ ಅದೆಂಥ ರಸ್ತೆ ಎನ್ನುತ್ತಿದ್ದರು ದೊಡ್ಡವರು. ನಾನೂ ಪೆದ್ದಿ, ಎದುರೊತ್ತನ್ನು ನೂರಕ್ಕೆ ನೂರು ಇಟ್ಟೆ.

ಹೋದ ವಾರ ಒಂದು ಸ್ಟೀರಿಂಗಿನ ತಳದಲ್ಲಿ ಅಂಟಿಸಿದ್ದ ಹಳೆಯ ಚೀಟಿ ಕಣ್ಣಿಗೆ ಬಿತ್ತು. ಮೋಟಾರಿನ ಶಕ್ತಿಗೆ ಮೀರಿ ಎದುರೊತ್ತು ಕೇಳಿದರೆ ಅದು ಗುಂಡಿ, ತಿರುವು ಎಲ್ಲವನ್ನೂ ಒಂದೇ ಭಾರವಾಗಿ ಕೊಡುತ್ತದಂತೆ. ಟೈರು ಜಾರುವ ಮುನ್ನ ಸ್ಟೀರಿಂಗು ಹಗುರಾಗುವುದು ಕೈಗೆ ತಿಳಿಯುವುದೇ ಇಲ್ಲವಂತೆ. ಅಯ್ಯೋ, ಆ ಚೀಟಿಯನ್ನು ನಾಲ್ಕು ಸಲ ಓದಿದೆ.

ಏಕೆಂದರೆ ನಾಳೆ ಬಾಗಿಲು ತೆರೆಯುತ್ತದೆ. ಉಸಿರಿನ ಯಂತ್ರಕ್ಕೆ ಬಿಡಿಭಾಗ ತರಲು, ಇರುವ ಒಂದೇ ಗಾಡಿಯಲ್ಲಿ ನನ್ನ ಮಗಳು ಅಂಬುಜ ಮೇಲೆ ಹೋಗಬೇಕು. ಮೇಲೆ ಮಳೆ ಬೇರೆ ಹಿಡಿದಿದೆಯಂತೆ. ಎದುರೊತ್ತನ್ನು ಅರವತ್ತಕ್ಕೆ ಇಳಿಸಿ ಅವಳನ್ನು ಕೂರಿಸಿದೆ. "ಏನಮ್ಮಾ ಇದು, ಸತ್ತೋಗೈತೆ! ರೋಡೇ ಇಲ್ದಂಗೈತೆ" ಎಂದು ನಕ್ಕು ತಾನೇ ನೂರಕ್ಕೆ ಏರಿಸಿಕೊಂಡಳು. ಬೈದೆ, ಅತ್ತುಬಿಟ್ಟೆ. "ನೀನ್ಯಾವ ರೋಡು ನೋಡಿದ್ದೀಯ?" ಎಂದಳು. ನೋಡಿಲ್ಲ. ನಾನೂ ಈ ಬಂಡೆಯೊಳಗೇ ಹುಟ್ಟಿದವಳು. ಅವಳ ಬದಲು ಬೇರೆಯವರನ್ನು ಕಳಿಸಿ ಎನ್ನೋಣವೆಂದರೆ, ಎಲ್ಲರೂ ನನ್ನ ಕೈಯಲ್ಲೇ ಕಲಿತು ಕೆಟ್ಟವರು.

ಕೈಮುಗಿದು ಕೇಳುತ್ತೇನೆ. ಒದ್ದೆ ರಸ್ತೆಯಲ್ಲಿ ಟೈರು ಜಾರುವ ಮುನ್ನ ನಿಮ್ಮ ಕೈಗೆ ಏನು ತಿಳಿಯುತ್ತದೆ? ನಾಲ್ಕು ಸಾಲು ಬರೆದು, ನಿಮ್ಮ ಕಾಲದಿಂದಲೂ ಗಣಿಯ ಬಾಗಿಲಲ್ಲಿರುವ ಕಬ್ಬಿಣದ ಪೆಟ್ಟಿಗೆಗೆ ಹಾಕಿ. ನನ್ನ ಮಾತು ಅವಳಿಗೆ ರುಚಿಸದು, ರಸ್ತೆ ಕಂಡವರ ಮಾತು ಕೇಳುತ್ತಾಳೆ. ಅಂದು ನೀವು ಬರೆದಿದ್ದರೆ ಅದು ಇಷ್ಟು ಹೊತ್ತಿಗೆ ನೂರು ವರ್ಷದಿಂದ ಅಲ್ಲಿರಬೇಕಿತ್ತು, ನನಗೆ ಗೊತ್ತು. ಇವತ್ತು ಮೂರು ಸಲ ತೆರೆದು ನೋಡಿದೆ, ಏನೂ ಇಲ್ಲ. ಈ ಕಾಗದ ಮುಗಿಸಿ ಇನ್ನೊಂದು ಸಲ ನೋಡುತ್ತೇನೆ.